ತೊಡೆ ತಟ್ಟಿದರೆ ಬರುವ ದಿವಾನರು

ಕಳೆದ ವಾರ ಬಸವನಗುಡಿಯ ಒಂದು ಛತ್ರದಲ್ಲಿ ಮದುವೆ. ನಾನು ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ ಉಟ್ಟುಕೊಂಡು, ಮದುವೆಗೆ ಬಂದದ್ದೇ ಇದಕ್ಕೆ ಎನ್ನುವ ಹಾಗೆ ಊಟದ ಹಾಲಿನ ಬಾಗಿಲಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಹೆಂಗಸೊಬ್ಬರು ನನ್ನ ಬೆನ್ನಿನಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, "ರೀ, ಇದೇನೋ ಕೂದ್ಲು ನೋಡಿ" ಎಂದರು. ಗಿಡ್ಡನೆಯ, ಒರಟಾದ, ಕಂದು ಬಣ್ಣದ ಕೂದಲು. ನನಗೆ ಎಷ್ಟು ಖುಷಿಯಾಯಿತೆಂದರೆ, "ಅಯ್ಯೋ, ಅದು ನಮ್ಮ ದಿವಾನರದ್ದು!" ಎಂದು ಜೋರಾಗಿಯೇ ಹೇಳಿಬಿಟ್ಟೆ. ಆಕೆ ಪಕ್ಕದಲ್ಲಿದ್ದ ನಮ್ಮವರ ಬೋಳುತಲೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಕೂದಲನ್ನು ಅಲ್ಲೇ ಬಿಟ್ಟು ಹಿಂದೆ ಸರಿದುಕೊಂಡರು. ನಮ್ಮವರು ಊಟ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ದಿವಾನರೆಂದರೆ ನಾಯಿ. ಹುಟ್ಟಿದ್ದು ಮಲ್ಲೇಶ್ವರದ ಬೀದಿಯಲ್ಲಿ, ತಳಿ ಅಪ್ಪಟ ಬೆಂಗಳೂರು. ಬಣ್ಣ, ಹಾಲು ಸ್ವಲ್ಪ ಕಡಿಮೆ ಬಿದ್ದ ಕಾಫಿಯದ್ದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಕೊಂಡಿದೆ. ಮುಂಗಾಲಿನ ಮೇಲೆ ಮುಂಗಾಲು ಹಾಕಿ ಕೂತು, ಮನೆಗೆ ಬಂದವರನ್ನೆಲ್ಲ ಅರ್ಜಿ ಹಿಡಿದುಕೊಂಡು ಬಂದವರ ಹಾಗೆ ನೋಡುವ ಗತ್ತು. ಆ ಗತ್ತಿಗಾಗಿಯೇ ನನ್ನ ನಾದಿನಿ ವಸುಧಾ ಅದಕ್ಕೆ ದಿವಾನ ಎಂದು ಹೆಸರಿಟ್ಟಳು. ಮರ್ಯಾದೆ ಸೇರಿಸಿದ್ದು ನಮ್ಮವರು. ಈಗ ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ತಳ್ಳುಗಾಡಿಯ ಸೊಪ್ಪಿನವರು ಕೂಡ, "ಏನಮ್ಮಾ, ದಿವಾನ್ರು ಕಾಣ್ಸ್ತಾ ಇಲ್ಲ?" ಎಂದು ಕೇಳುತ್ತಾರೆ. ಈ ನಾಯಿಯ ಬಗ್ಗೆ ಯಾರಾದರೂ ಒಂದು ಮಾತು ಕೇಳಿದರೆ ಸಾಕು, ನನಗೆ ಮೈಮೇಲೆ ಬಂದ ಹಾಗಾಗುತ್ತದೆ. ನೀವು ಕೇಳಿಲ್ಲ, ನಿಜ. ಆದರೂ ಹೇಳುತ್ತೇನೆ, ಕೂತುಕೊಳ್ಳಿ.

ಮೊದಲೇ ಹೇಳಿಬಿಡಬೇಕಾದ ಮಾತೆಂದರೆ, ನನಗೆ ನಾಯಿ ಎಂದರೆ ಪ್ರಾಣಭಯ. ಚಿಕ್ಕವಳಾಗಿದ್ದಾಗ ಬಸವನಗುಡಿಯ ಅಜ್ಜಿಯ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಮನೆಯಲ್ಲಿ ಇತ್ತು ಎಂದರೆ ತಪ್ಪಾಗುತ್ತದೆ. ಗೇಟಿನ ಆಚೆ ಇತ್ತು. ಗೇಟಿನ ಈಚೆ ನಾವು, ಆಚೆ ಅವನು, ಇದು ಅಜ್ಜಿಯೇ ಮಾಡಿದ್ದ ಕಾನೂನು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅಜ್ಜಿ ಮಿಕ್ಕ ಸಾರನ್ನ ಕಲಸಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಹಾಕಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ಕರಿಯ ತಿನ್ನುತ್ತಿದ್ದ, ಅಜ್ಜಿ ಮಾತಾಡುತ್ತಿದ್ದರು. ದೊಡ್ಡಸೊಸೆ ತಿರುಗಿ ಮಾತಾಡಿದ್ದು, ಚಿಕ್ಕಮಗನಿಗೆ ಹೆಣ್ಣು ಕೂಡಿಬರದಿದ್ದದ್ದು, ಮಂಡಿ ನೋವು, ತಾತ ಹೋದ ಮೇಲೆ ಮನೆಯಲ್ಲಿ ತನ್ನ ಮಾತು ನಡೆಯದೆ ಹೋದದ್ದು. ಮನೆಯೊಳಗೆ ಯಾರ ಹತ್ತಿರವೂ ಆಡದ ಮಾತೆಲ್ಲ ಕರಿಯನ ಹತ್ತಿರ. ಎಲ್ಲ ಹೇಳಿ ಮುಗಿಸಿ, ಮುಖ ಒರೆಸಿಕೊಂಡು, "ಸರಿ, ಹೋಗೋ ಇನ್ನ" ಎಂದು ಎದ್ದು ಬಂದರೆ ಸಂಜೆಯವರೆಗೂ ಅಜ್ಜಿ ಯಾರ ಮೇಲೂ ರೇಗುತ್ತಿರಲಿಲ್ಲ. ಈಗಿನ ಕಾಲದಲ್ಲಿ ಅಪಾಯಿಂಟ್‌ಮೆಂಟ್ ಕೊಟ್ಟು, ಎಸಿ ಹಾಕಿದ ರೂಮಿನಲ್ಲಿ ಕೂರಿಸಿಕೊಂಡು ಮಾಡುವ ಕೆಲಸವನ್ನು ಆ ಕರಿಯ ಒಂದು ಹಿಡಿ ಸಾರನ್ನಕ್ಕೆ ಮಾಡುತ್ತಿದ್ದ. ಆಗ ನನಗೆ ಅದೆಲ್ಲಿ ತಿಳಿಯಬೇಕು! ಅಜ್ಜಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದುಕೊಂಡಿದ್ದೆ.

ಇನ್ನೊಂದು ನಾಯಿ ನನ್ನ ಸಂಗೀತದ ಮೇಡಂ ಮನೆಯ ಜಗುಲಿಯಲ್ಲಿ ಮಲಗುತ್ತಿತ್ತು. ಬಿಳಿಯದು. ನಾವು ಸರಳೆ, ಜಂಟಿ ಎಂದು ಕಿರುಚುವಷ್ಟು ಹೊತ್ತೂ ಸತ್ತ ಹಾಗೆ ಬಿದ್ದಿರುತ್ತಿತ್ತು. ಕೊನೆಗೆ ಮೇಡಂ ಮಂಗಳ ಶುರು ಮಾಡಿದ ತಕ್ಷಣ ಎದ್ದು ನಿಂತು ಮೈ ಕೊಡವುತ್ತಿತ್ತು. ಮಂಗಳ ಹಾಡಿದರೆ ಪಾಠ ಮುಗಿಯಿತು, ಮಕ್ಕಳು ಹೊರಗೆ ಬರುತ್ತವೆ, ಯಾರ ಚೀಲದಲ್ಲಾದರೂ ಬಿಸ್ಕತ್ತು ಇರುತ್ತದೆ ಎಂದು ಅದಕ್ಕೆ ಗೊತ್ತು. ಒಂದು ಸಲ ಅದು ನನ್ನ ಹಿಂದೆಯೇ ಬಂತೆಂದು ಚಪ್ಪಲಿ ಬಿಟ್ಟು ಓಡಿದೆ. ಓಡಿ ಓಡಿ ವಿಶ್ವೇಶ್ವರಪುರದ ತಿಂಡಿಬೀದಿ ಮುಟ್ಟಿದ್ದೆ, ತಿರುಗಿ ನೋಡಿದರೆ ಅದೂ ಬಂದಿತ್ತು. ಆಮೇಲೆ ತಿಳಿದದ್ದು, ಅದು ನನ್ನನ್ನು ಅಟ್ಟಿಸಿಕೊಂಡು ಬಂದದ್ದಲ್ಲ. ಅದೂ ಅಲ್ಲಿಗೇ ಹೋಗುತ್ತಿತ್ತು.

ಇಷ್ಟು ಧೈರ್ಯವಂತೆಯಾದ ನಾನು ದೊಡ್ಡವಳಾಗಿ ವೇದಿಕೆ ಹತ್ತಿ ಹಾಡುವವಳಾದೆ, ಮನೆಯಲ್ಲಿ ಪಾಠ ಹೇಳಿಕೊಡುವವಳಾದೆ. ದೊಡ್ಡ ಹೆಸರೇನಲ್ಲ ಬಿಡಿ. ರಾಮನವಮಿಯ ಕಚೇರಿಗಳಲ್ಲಿ ಹೆಸರಾಂತವರು ಹಾಡುವುದಕ್ಕೆ ಮೊದಲು, ಶಾಮಿಯಾನದಲ್ಲಿ ಕುರ್ಚಿ ಹಾಕುತ್ತಿರುವಾಗ ಹಾಡುತ್ತಾರಲ್ಲ, ಅವರಲ್ಲಿ ನಾನೊಬ್ಬಳು. ಆದರೆ ನನಗೆ ಅದೇ ಪ್ರಾಣ. ಪಾನಕದ ಏಲಕ್ಕಿ ವಾಸನೆ, ಮೈಕಿನ ಕೀರಲು, ಮುಂದಿನ ಸಾಲಿನಲ್ಲಿ ಕೋಸಂಬರಿಯ ದೊನ್ನೆ ಹಿಡಿದುಕೊಂಡು ತೊಡೆಯ ಮೇಲೆ ತಾಳ ಹಾಕುವ ಹೆಂಗಸರು. ಆ ಜಾಗದಲ್ಲಿ ಕೂತರೆ ನಾನು ಯಾರೋ ಆಗಿಬಿಡುತ್ತಿದ್ದೆ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಸಂಜೆ, ಕಲ್ಯಾಣಿ ರಾಗದ ಒಂದು ದೇವರನಾಮ ಹಾಡುತ್ತಿದ್ದೆ. ಹತ್ತನೆಯ ವಯಸ್ಸಿನಿಂದ ಹಾಡಿಕೊಂಡು ಬಂದದ್ದು, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಚರಣದ ಎರಡನೆಯ ಸಾಲಿಗೆ ಬಂದೆ. ಸಾಲು ಇಲ್ಲ! ನಾಲಿಗೆಯ ಮೇಲೆ ಏನೂ ಇಲ್ಲ. ಪಿಟೀಲಿನವರು ಪಾಪ ಮೆಲ್ಲಗೆ ಆ ಸಾಲನ್ನು ನುಡಿಸಿ ತೋರಿಸಿದರು. ಸ್ವರ ಕೇಳಿಸಿತು, ಮಾತು ಬರಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನ ಮೂವರು ಹೆಂಗಸರು ಒಟ್ಟಿಗೇ ಆ ಸಾಲನ್ನು ಗಟ್ಟಿಯಾಗಿ ಎತ್ತಿಕೊಟ್ಟರು. ಚಾಮರಾಜಪೇಟೆಯಲ್ಲಿ ಹಾಡುವವರಿಗಿಂತ ಕೇಳುವವರಿಗೆ ಸಾಹಿತ್ಯ ಚೆನ್ನಾಗಿ ಬರುತ್ತದೆ ನೋಡಿ. ಅವರು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ನನಗೆ ಮಾತ್ರ ಶಾಮಿಯಾನ ಗಿರ್ರೆಂದು ತಿರುಗಿತು. ಎದೆ ಢವಢವ, ಕೈ ಮಂಜುಗಡ್ಡೆ, ಈಗ ಸತ್ತೇಹೋಗುತ್ತೇನೆ ಎನ್ನುವಂಥ ಭಯ. ಹಾಡು ಅರ್ಧಕ್ಕೆ ಬಿಟ್ಟು ಎದ್ದುಬಂದೆ.

ಅಲ್ಲಿಂದ ಆಚೆಗೆ ಯಾರ ಎದುರು ಬಾಯಿ ತೆರೆದರೂ ಅದೇ ಢವಢವ. ಪಾಠ ನಿಂತುಹೋಯಿತು. ಆಮೇಲಾಮೇಲೆ ಹಾಡುವುದಿರಲಿ, ಮನೆಯಿಂದ ಆಚೆ ಕಾಲಿಡುವುದೇ ಕಷ್ಟವಾಯಿತು. ಬೀದಿಯಲ್ಲಿ ಕಂಡವರೆಲ್ಲ, "ಯಾಕಮ್ಮಾ, ಈಗ ಹಾಡ್ತಾನೇ ಇಲ್ವಲ್ಲ?" ಎಂದು ಕೇಳಿಬಿಡುತ್ತಾರೆ ಎಂದು ಹೆದರಿಕೆ. ಹೃದಯದ ಡಾಕ್ಟರು ಪರೀಕ್ಷೆ ಮಾಡಿ ಎಲ್ಲ ಗಟ್ಟಿಯಾಗಿದೆ ಎಂದರು. ಆಮೇಲೆ ಮನೋವೈದ್ಯರ ಹತ್ತಿರ ಹೋದೆ. ಅವರಿದ್ದ ಕಟ್ಟಡದಲ್ಲೇ ಕೆಳಗೆ ಕಣ್ಣಿನ ಡಾಕ್ಟರೂ ಇದ್ದದ್ದರಿಂದ, ಯಾರಾದರೂ ಕೇಳಿದರೆ ಕಣ್ಣಿಗೆ ತೋರಿಸಿಕೊಂಡು ಬಂದೆ ಎನ್ನುತ್ತಿದ್ದೆ. ಎದುರು ಮನೆಯವರು ಅಯ್ಯೋ ಪಾಪ ಎಂದು ತಿಂಗಳುಗಟ್ಟಲೆ ಕ್ಯಾರೆಟ್ ತುರಿದು ಕಳಿಸಿದರು. ಮನೋವೈದ್ಯರು ಮಾತ್ರೆ ಕೊಟ್ಟರು, ಮಾತಾಡಿಸಿದರು, "ಒಂದೇ ಸಲಕ್ಕೆ ಕಚೇರಿಗೆ ಕೂರೋದು ಬೇಡ. ಒಬ್ಬರೆದುರು ಹಾಡಿ ಸಾಕು" ಎಂದರು. ಆ ಒಬ್ಬರು ಯಾರು ಎನ್ನುವುದೇ ಪ್ರಶ್ನೆಯಾಗಿತ್ತು. ನಮ್ಮವರೆದುರು ಹಾಡೋಣವೆಂದರೆ ಅವರು ನನ್ನ ಮುಖವನ್ನೇ ಗಾಬರಿಯಿಂದ ನೋಡುತ್ತಾ, ಉಸಿರು ಬಿಗಿಹಿಡಿದು, ನನಗಿಂತ ಜಾಸ್ತಿ ಬೆವರುತ್ತಿದ್ದರು.

ಹೀಗಿರುವಾಗ ಮಲ್ಲೇಶ್ವರದಿಂದ ವಸುಧಾಳ ಫೋನು ಬಂತು. ಅವಳು ಸ್ಕೂಲ್ ಟೀಚರು, ನನ್ನ ನಾದಿನಿ, ಬಾಯಿ ಜೋರು. ಮೊಣಕಾಲಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

"ಅತ್ತಿಗೆ, ನಾನು ಎದ್ದು ಓಡಾಡೋವರೆಗೂ ದಿವಾನನ್ನ ನೀವೇ ಇಟ್ಕೋಬೇಕು."

"ನನ್ನನ್ನ ನಾನೇ ನೋಡ್ಕೊಳ್ಳೋಕೆ ಆಗ್ತಿಲ್ವಲ್ಲೇ ವಸುಧಾ! ಅದರಲ್ಲಿ ನಾಯಿ ಬೇರೆ!"

"ಅವನದೇನಿದೆ? ಎರಡ್ ಹೊತ್ತು ಊಟ, ಎರಡ್ ಹೊತ್ತು ವಾಕಿಂಗು. ನಮ್ಮಣ್ಣನಿಗಿಂತ ಸುಲಭ."

ಮರುದಿನವೇ ಆಟೋದಲ್ಲಿ ವಸುಧಾಳ ಜೊತೆ ದಿವಾನರು ಬಂದಿಳಿದರು. ಹಾಸಿಗೆ, ತಟ್ಟೆ, ಕೊರಳಪಟ್ಟಿ, ಎಲ್ಲ ಸಮೇತ ವರ್ಗವಾಗಿ ಬಂದ ಅಧಿಕಾರಿಯ ಹಾಗೆ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. "ಪದ್ಮಾ, ಅದು ನಾಯಿ ಕಣೇ, ಹುಲಿ ಅಲ್ಲ, ಬಾರೇ ಆಚೆಗೆ" ಎಂದು ನಮ್ಮವರು ಕರೆದರೂ ಬರಲಿಲ್ಲ. ವಸುಧಾ ಹೋಗುವಾಗ ಬಾಗಿಲ ಆಚೆಯಿಂದ ಏನೋ ಕೂಗಿ ಹೇಳಿದಳು. ಕುಕ್ಕರಿನ ಸೀಟಿಯಲ್ಲಿ ಕೇಳಿಸಲಿಲ್ಲ. ಅದನ್ನು ಕೇಳಿಸಿಕೊಂಡಿದ್ದರೆ ಮುಂದಿನ ತಮಾಷೆ ಯಾವುದೂ ಆಗುತ್ತಿರಲಿಲ್ಲ.

ಬೆಳಗಿನ ವಾಕಿಂಗು ನಮ್ಮವರದ್ದು, ಸಂಜೆಯದ್ದು ನನ್ನದು ಎಂದಾಯಿತು. ಅವರು ಆಫೀಸಿನಿಂದ ಬರುವವರೆಗೆ ದಿವಾನರು ತಡೆಯುವವರಲ್ಲ. ಮೊದಲ ಸಂಜೆ, ಬಾರನ್ನು ಎಷ್ಟು ಉದ್ದಕ್ಕೆ ಹಿಡಿಯಲು ಸಾಧ್ಯವೋ ಅಷ್ಟು ಉದ್ದಕ್ಕೆ ಹಿಡಿದು, ದಿವಾನರು ಫುಟ್‌ಪಾತಿನಲ್ಲಿ, ನಾನು ಬೀದಿಯ ನಡುವೆ. ಎದುರಿಗೆ ನಾನು ತಿಂಗಳುಗಟ್ಟಲೆ ತಪ್ಪಿಸಿಕೊಂಡು ಓಡಾಡಿದ್ದ ಮುಖಗಳೇ ಬಂದವು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಎದೆ ಹೊಡೆದುಕೊಳ್ಳತೊಡಗಿತು.

"ಅರೆ! ಯಾವಾಗ ತಂದ್ರಿ? ಏನು ಹೆಸರು? ಕಚ್ಚತ್ತಾ?"

ಅಷ್ಟೇ! ಇಷ್ಟೇ ಕೇಳಿದ್ದು! ಮುಂದಿನ ತಿರುವಿನಲ್ಲಿ ಮತ್ತೊಬ್ಬರು, "ಏನು ಹಾಕ್ತೀರಾ ಊಟಕ್ಕೆ?" ದೇವಸ್ಥಾನದ ಹತ್ತಿರ ಮಗದೊಬ್ಬರು, "ಕಿವಿ ಯಾಕೆ ಹಂಗಿದೆ?" ನನ್ನ ಕಡೆ ಯಾರೂ ನೋಡಲೇ ಇಲ್ಲ. ಇಡೀ ಚಾಮರಾಜಪೇಟೆಗೆ ನನ್ನ ಹಾಡು ಬಿಟ್ಟರೆ ಬೇರೆ ಯೋಚನೆಯೇ ಇಲ್ಲ ಎಂದುಕೊಂಡಿದ್ದೆನಲ್ಲ, ನನ್ನ ಜಂಬಕ್ಕಿಷ್ಟು! ಮನೆಗೆ ಬಂದು ಲೋಟದ ತುಂಬ ನೀರು ಕುಡಿದು, ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟೆ. ದಿವಾನರು ಬಂದು ನನ್ನ ಮೊಣಕೈ ಮೂಸಿ, ಪಕ್ಕದಲ್ಲೇ ಕೂತರು. ನಾನು ಸರಿಯಲಿಲ್ಲ. ಸರಿಯಲಿಲ್ಲ ಎನ್ನುವುದು ಮಾರನೆಯ ದಿನ ನೆನಪಾಗಿ ನನಗೇ ಆಶ್ಚರ್ಯವಾಯಿತು.

ಇನ್ನು ತಾಳದ ಕಥೆ. ನನಗೆ ಇದ್ದ ಶಿಷ್ಯರೆಲ್ಲ ಬೇರೆ ಕಡೆ ಪಾಠಕ್ಕೆ ಸೇರಿದರು, ನಾಗರತ್ನಮ್ಮ ಒಬ್ಬರನ್ನು ಬಿಟ್ಟು. ಆಕೆ ಹಳ್ಳಿಯ ಕಡೆಯ ಗೌಡರ ಮನೆಯವರು, ಸೈಟು ಮನೆ ಮಾರಾಟದ ವ್ಯವಹಾರ, ಐವತ್ತು ದಾಟಿದ ಮೇಲೆ ಸಂಗೀತ ಕಲಿಯುವ ಹುಚ್ಚು ಹತ್ತಿದವರು. ಶ್ರುತಿ ಇವತ್ತಿಗೂ ಅವರ ಹತ್ತಿರ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಪಾಠ ನಿಲ್ಲಿಸಿದ್ದೇನೆ ಎಂದರೆ, "ನಿಲ್ಲಿಸ್ಕೊಳ್ಳಿ ಮೇಡಂ. ನಾನ್ ಬರೋದ್ ಬರ್ತೀನಿ. ಹೇಳ್ಕೊಡ್ದಿದ್ರೆ ಕಾಫಿ ಕುಡ್ಕೊಂಡ್ ಹೋಗ್ತೀನಿ" ಎಂದಿದ್ದರು. ಹಾಗೆಯೇ ಬಂದು ಕಾಫಿ ಕುಡಿಯುತ್ತಿದ್ದರು. ದಿವಾನರು ಬಂದ ವಾರದಲ್ಲಿ, "ಮೇಡಂ, ನೀವು ಹಾಡ್ಬೇಡಿ. ಸುಮ್ನೆ ತಾಳ ಹಾಕಿ, ನಾನು ಹಾಡ್ತೀನಿ" ಎಂದರು. ಸರಿ, ಚಕ್ಕಂಬಕ್ಕಲ ಹಾಕಿ ಕೂತು ಆದಿತಾಳ ಶುರು ಮಾಡಿದೆ. ತೊಡೆಯ ಮೇಲೆ ಒಂದು ತಟ್ಟು, ಬೆರಳೆಣಿಕೆ ಮೂರು, ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ.

ಮೊದಲ ತಟ್ಟಿಗೇ ಹಜಾರದ ಮೂಲೆಯಿಂದ ದಿವಾನರು ದಡಕ್ಕನೆ ಎದ್ದು ಬಂದು, ನನ್ನ ತೊಡೆಯ ಮೇಲೆ ಗಲ್ಲ ಇಟ್ಟರು.

ನಾನು ಕಿಟಾರನೆ ಕಿರುಚಿದೆ. ಅವರು ಕದಲಲಿಲ್ಲ. ನಾಗರತ್ನಮ್ಮ ದಿವಾನರನ್ನು ಎಳೆದುಕೊಂಡು ಹೋಗಿ ಮೂಲೆಯಲ್ಲಿ ಕೂರಿಸಿ ಬಂದರು. ಮತ್ತೆ ತಾಳ. ಮತ್ತೆ ಗಲ್ಲ. ಕೊನೆಗೆ ವಸುಧಾಳಿಗೆ ಫೋನು ಮಾಡಿದರೆ ಅವಳು ಆಸ್ಪತ್ರೆಯ ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. "ಅತ್ತಿಗೆ, ಅವತ್ತೇ ಕೂಗಿ ಹೇಳಿದ್ನಲ್ಲ! ಹೆಸರು ಹಿಡಿದು ಕರೆದ್ರೆ ಅವನು ಬರಲ್ಲ, ತೊಡೆ ತಟ್ಟಿದ್ರೆ ಓಡ್ಬರ್ತಾನೆ. ಅಯ್ಯೋ, ನಿಮ್ಮನೇಲಿ ದಿನಾ ತಾಳ ಅಲ್ವಾ!"

ನೋಡಿ, ಗರಡಿಮನೆಯವರು ತೊಡೆ ತಟ್ಟಿದರೆ ಎದುರಾಳಿ ಬರುತ್ತಾನೆ. ನಾನು ತೊಡೆ ತಟ್ಟಿದರೆ ದಿವಾನರು ಬರುತ್ತಾರೆ. ಅವರಿಗೆ ಆದಿತಾಳ ಎಂದರೆ, "ಬಾರಪ್ಪಾ, ಬಾರಪ್ಪಾ, ಬಾರಪ್ಪಾ" ಎಂದು ಪಲ್ಲವಿಯಿಂದ ಚರಣದವರೆಗೆ ಬಿಡದೆ ಕರೆಯುವುದು. ಬಂದೇ ಬಂದಿದ್ದೇನೆ, ಇನ್ನೂ ಯಾಕೆ ಕರೆಯುತ್ತಾಳೆ ಎಂದು ಅವರು ತಲೆಯೆತ್ತಿ ನೋಡುವ ನೋಟವನ್ನು ನೀವು ನೋಡಬೇಕು! ಎಷ್ಟು ಸಲ ಕಳಿಸಿದರೂ ಬರುವವರೇ. ಬೇರೆ ದಾರಿ ಕಾಣದೆ ನಾನು ತಾಳವನ್ನು ಅವರ ತಲೆಯ ಮೇಲೇ ಹಾಕತೊಡಗಿದೆ. ತಟ್ಟು ನೆತ್ತಿಯ ಮೇಲೆ, ಬೆರಳೆಣಿಕೆ ಮಡಿಸಿದ ಕಿವಿಯ ಮೇಲೆ. ಮೊದಲು ಒಂದು ಬೆರಳು, ಆಮೇಲೆ ಇಡೀ ಅಂಗೈ. ಬೆಚ್ಚಗಿತ್ತು. ಅಷ್ಟು ತಿಂಗಳು ತಣ್ಣಗೆ ನಡುಗುತ್ತಿದ್ದ ನನ್ನ ಕೈ ಅಲ್ಲಿ ನಡುಗಲಿಲ್ಲ. "ಮೇಡಂ, ನಿಮ್ ತಾಳ ಈಗ ಕರೆಕ್ಟಾಗ್ ಬೀಳ್ತಾ ಐತೆ ನೋಡಿ" ಎಂದರು ನಾಗರತ್ನಮ್ಮ. ಅವರು ಆಗಷ್ಟೇ ಎರಡು ಆವರ್ತ ತಪ್ಪಿಸಿದ್ದರು.

ಆಮೇಲೆ ನಾನು ಒಬ್ಬಳೇ ಇದ್ದಾಗ, ಹೀಗೇ ತಲೆ ತಟ್ಟುತ್ತಾ ತಟ್ಟುತ್ತಾ, ಗುನುಗತೊಡಗಿದೆ. ದಿವಾನರು ನನ್ನ ಮುಖ ನೋಡುವುದಿಲ್ಲ, ಬೆವರುವುದಿಲ್ಲ, ಸಾಲು ಎತ್ತಿಕೊಡುವುದಿಲ್ಲ. ತಪ್ಪಿದರೆ ತಪ್ಪಿತು ಎಂದು ಅವರಿಗೆ ಗೊತ್ತಾಗುವುದೂ ಇಲ್ಲ. ಮನೋವೈದ್ಯರು ಹೇಳಿದ ಆ ಒಬ್ಬರು ಸಿಕ್ಕಿದ್ದರು! ಗುನುಗಿದ್ದು ದನಿಯಾಯಿತು, ದನಿ ಹಾಡಾಯಿತು. ಹಾಡಿನ ನಡುವೆ ಅವರು ನಿದ್ದೆ ಹೋಗುತ್ತಿದ್ದರು. ನನಗೆ ಅವಮಾನವೇ ಆಗಲಿಲ್ಲ. ಅವರ ಉಸಿರು ಏರಿ ಇಳಿಯುವುದನ್ನು ನೋಡುತ್ತಾ ನಾನೂ ಹಾಗೆಯೇ ಉಸಿರಾಡುತ್ತಿದ್ದೆ. ನಾಯಿ ಬಂದದ್ದರಿಂದ ಮಾತ್ರೆ ಬಿಟ್ಟೆ ಎಂದೇನಾದರೂ ಬರೆದರೆ ನಮ್ಮ ಡಾಕ್ಟರು ಕಿವಿ ಹಿಂಡುತ್ತಾರೆ. ಮಾತ್ರೆಯನ್ನು ಅವರು ಹೇಳಿದ ಹಾಗೆಯೇ ನುಂಗಿದೆ. ಈ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, "ನಾಯಿ ಹೆಸರೇನು?" ಎಂದು ಕೇಳಿದರು. ಅವರಿಗೂ ಅಷ್ಟೇ ಬೇಕಾಗಿದ್ದದ್ದು!

ಆದರೆ ಆ ಕಲ್ಯಾಣಿಯ ದೇವರನಾಮ ಒಂದನ್ನು ಮಾತ್ರ ನಾನು ಮುಟ್ಟಲಿಲ್ಲ. ಅದರ ಪಲ್ಲವಿ ನೆನಪಾದರೂ ಸಾಕು, ಅಂಗೈ ಒದ್ದೆಯಾಗುತ್ತಿತ್ತು. ರಾಮನವಮಿ ಸಮಿತಿಯವರು ಫೋನು ಮಾಡಿ, "ಈ ಸಲ ಹಾಡ್ತೀರಾ ಅಮ್ಮಾ?" ಎಂದು ಕೇಳಿದರು. ನೋಡೋಣ ಎಂದೆ. ನೋಡೋಣ ಎಂದರೆ ಇಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾಯಿಯ ಮುಂದೆ ಹಾಡುವುದು ಬೇರೆ, ಜನರ ಮುಂದೆ ಹಾಡುವುದು ಬೇರೆ. ಆ ಸಾಲು ಇನ್ನೊಂದು ಸಲ ಕೈಕೊಟ್ಟರೆ ನಾನು ಮತ್ತೆ ಯಾವತ್ತೂ ಹಾಡುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಆದರೂ ಯೋಚಿಸಿ ಹೇಳುತ್ತೇನೆಂದು ಎರಡು ದಿನ ಕಾಲಾವಕಾಶ ತೆಗೆದುಕೊಂಡೆ.

ಆ ಎರಡು ದಿನದ ನಡುವೆಯೇ ವಸುಧಾ ನೆನಪಿಸಿದ್ದು: ದಿವಾನರಿಗೆ ವರ್ಷಕ್ಕೊಮ್ಮೆಯ ಇಂಜೆಕ್ಷನ್ ಹಾಕಿಸಬೇಕು. ನಾಗರತ್ನಮ್ಮನ ಕಾರಿನಲ್ಲಿ ಹೊರಟೆವು. ಕಿಟಕಿಯಿಂದ ಮೂತಿ ಆಚೆ ಹಾಕಿ, ದಾರಿಯುದ್ದಕ್ಕೂ ಊರನ್ನು ತಪಾಸಣೆ ಮಾಡುತ್ತಾ ಬಂದ ದಿವಾನರು, ನಾಯಿ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲ ವಾಸನೆ ಮೂಗಿಗೆ ಬಡಿದದ್ದೇ ತಡ, ದಿವಾನಗಿರಿಯನ್ನೆಲ್ಲ ಬಿಟ್ಟುಕೊಟ್ಟರು. ಹೇಗೋ ಹೊತ್ತು ಒಳಗೆ ತಂದರೆ ಬೆಂಚಿನ ಕೆಳಗೆ ನುಗ್ಗಿ, ಗೋಡೆಗೆ ಒತ್ತಿಕೊಂಡು ಗಡಗಡ ನಡುಗತೊಡಗಿದರು. ಹಾಲಿನ ತುಂಬ ಜನ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಲ್ಯಾಬ್ರಡಾರ್, ಬುಟ್ಟಿಯಲ್ಲಿ ಬೆಕ್ಕು ತಂದ ಹುಡುಗಿ, ಗಿಳಿಯ ಪಂಜರ ಹಿಡಿದ ಮುದುಕರು. ಎಲ್ಲರೂ ಬಗ್ಗಿ ನಮ್ಮನ್ನೇ ನೋಡುತ್ತಿದ್ದಾರೆ.

"ಬಾ ದಿವಾನಾ, ಬಾರೋ ರಾಜಾ" ಎಂದೆ. ಬರಲಿಲ್ಲ. ನಾಗರತ್ನಮ್ಮ ಬಿಸ್ಕತ್ತು ತೋರಿಸಿದರು. ಮೂಸಲೂ ಇಲ್ಲ. ನಾನು ನೆಲದ ಮೇಲೆ ಕೂತು ಬೆಂಚಿನ ಕೆಳಗೆ ಇಣುಕಿದೆ. ಆ ಕಣ್ಣು, ಆ ಏದುಸಿರು, ಆ ನಡುಕ! ಅಯ್ಯೋ, ಅದು ನನ್ನದೇ ನಡುಕ. ಶಾಮಿಯಾನದಲ್ಲಿ ನನಗಾದದ್ದೇ ಇದು, ನಾಲ್ಕು ಕಾಲಿನಲ್ಲಿ. ತೊಡೆ ತಟ್ಟಿದೆ. ಕಿವಿ ಅಲ್ಲಾಡಿತು. ಮತ್ತೆ ತಟ್ಟಿದೆ. ಒಂದು ಹೆಜ್ಜೆ ಬಂದರು. ತಟ್ಟುತ್ತಾ ಹೋದೆ. ನನ್ನ ಕೈಗೆ ಇಷ್ಟು ವರ್ಷದ ಅಭ್ಯಾಸ. ತಟ್ಟಿದ್ದು ಯಾವಾಗ ತಾಳವಾಯಿತೋ, ತಾಳದ ಮೇಲೆ ಯಾವಾಗ ದನಿ ಎದ್ದಿತೋ ನನಗೆ ತಿಳಿಯಲೇ ಇಲ್ಲ. ದಿವಾನರು ತೆವಳಿಕೊಂಡು ಬಂದು ತೊಡೆಯ ಮೇಲೆ ಗಲ್ಲ ಇಟ್ಟರು. ನಾನು ಅವರ ತಲೆ ನೇವರಿಸುತ್ತಾ, ಅವರೊಬ್ಬರಿಗೇ ಹಾಡುತ್ತಿದ್ದೆ. ನಡುಕ ಕಡಿಮೆಯಾಗುತ್ತಿತ್ತು. ಇನ್ನೂ ಕಡಿಮೆಯಾಗಲಿ, ಇನ್ನೂ ಕಡಿಮೆಯಾಗಲಿ ಎಂದು ಹಾಡಿದೆ. ಪಲ್ಲವಿ ಮುಗಿಯಿತು, ಅನುಪಲ್ಲವಿ ಮುಗಿಯಿತು, ಚರಣ ಎತ್ತಿಕೊಂಡೆ, ಮೊದಲ ಸಾಲು ಮುಗಿಸಿದೆ.

"ಆಯ್ತಮ್ಮ ನಿಮ್ಮ ನಾಯಿದು" ಎಂದಿತು ತಲೆಯ ಮೇಲಿನಿಂದ ಒಂದು ದನಿ.

ಕತ್ತೆತ್ತಿದೆ. ಡಾಕ್ಟರು. ಬಿಳಿ ಕೋಟು, ಕೈಯಲ್ಲಿ ಖಾಲಿ ಸಿರಿಂಜು. ಯಾವಾಗಲೋ ಹೊರಗೆ ಬಂದು, ಬಗ್ಗಿ, ನೆಲದ ಮೇಲೆಯೇ ಇಂಜೆಕ್ಷನ್ ಕೊಟ್ಟು ಮುಗಿಸಿದ್ದರು. ದಿವಾನರಿಗೂ ಗೊತ್ತಾಗಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ.

ಹಾಡು ನಿಂತಿತು. ಆಗ ನೋಡಿದೆ, ಹಾಲಿಗೆ ಹಾಲೇ ನನ್ನನ್ನು ನೋಡುತ್ತಿದೆ. ಆಗಲೇ ಹೊಳೆದದ್ದು, ನಾನು ಇಷ್ಟು ಹೊತ್ತು ಹಾಡಿದ್ದು ಆ ಕಲ್ಯಾಣಿಯನ್ನು! ನಿಲ್ಲಿಸಿರುವುದು ಸರಿಯಾಗಿ ಅಲ್ಲೇ! ಮುಂದಿನದು ಆ ಎರಡನೆಯ ಸಾಲು. ಎದೆ ಢವ್ ಎಂದಿತು. ಅಂಗೈ ತಣ್ಣಗಾಯಿತು. ಇಲ್ಲಿ ಎತ್ತಿಕೊಡುವವರು ಯಾರೂ ಇಲ್ಲ. ನಾಗರತ್ನಮ್ಮನಿಗೆ ನಾನು ಅದನ್ನು ಹೇಳಿಕೊಟ್ಟೇ ಇಲ್ಲ. ಎದ್ದುಬಿಡೋಣ, ನಾಯಿದು ಆಯಿತಲ್ಲ, ನೆಪ ಚೆನ್ನಾಗಿದೆ ಎಂದು ನೆಲಕ್ಕೆ ಕೈ ಊರಿದೆ.

"ಯಾಕಮ್ಮ ಏಳ್ತಿದ್ದೀರಾ?" ಎಂದರು ಡಾಕ್ಟರು. "ನಾಯಿದು ಆಯ್ತು ಅಂದೆ, ಹಾಡು ಆಯ್ತು ಅನ್ನಲಿಲ್ಲ. ಚರಣ ಅರ್ಧಕ್ಕೆ ಬಿಟ್ಟು ಹೋಗ್ಬೇಡಿ, ಮುಗಿಸಿ." ಹೇಳಿ, ಲ್ಯಾಬ್ರಡಾರಿನ ಪಕ್ಕದಲ್ಲಿ ಖಾಲಿ ಇದ್ದ ಕುರ್ಚಿಯ ಮೇಲೆ ಕೂತೇಬಿಟ್ಟರು.

ದಿವಾನರು ತಮ್ಮ ಒದ್ದೆ ಮೂಗಿನಿಂದ ನನ್ನ ಊರಿದ ಕೈಯನ್ನು ಎತ್ತಿ ಎತ್ತಿ ನೂಕಿದರು. ತಲೆ ತಟ್ಟುವುದನ್ನು ಯಾಕೆ ನಿಲ್ಲಿಸಿದೆ ಎನ್ನುವುದು ಅವರ ತಕರಾರು. ಕೈಯನ್ನು ಅವರ ನೆತ್ತಿಯ ಮೇಲಿಟ್ಟೆ. ನೆತ್ತಿ ಬೆಚ್ಚಗಿತ್ತು. ಉಸಿರೆಳೆದುಕೊಂಡು ಬಾಯಿ ತೆರೆದೆ.

ಬಂತು! ಒಂದಕ್ಷರ ಬಿಡದೆ ಬಂತು! ಇಷ್ಟು ದಿನ ಎಲ್ಲಿ ಹೋಗಿತ್ತೋ ಆ ಸಾಲು, ಏನೂ ಆಗಿಯೇ ಇಲ್ಲವೆನ್ನುವ ಹಾಗೆ ಬಂದು ನಾಲಿಗೆಯ ಮೇಲೆ ಕೂತಿತು. ನನಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ನಗು ಬಂತು, ಎರಡರ ನಡುವೆ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಆ ಸಾಲನ್ನು ಇನ್ನೊಂದು ಸಲ ಹಾಡಿದೆ, ಬೇಕೆಂದೇ. ನಾಗರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ತಪ್ಪು ತಪ್ಪಾಗಿ ತಾಳ ಹಾಕುತ್ತಿದ್ದರು. ಒಳಗಿನಿಂದ ಯಾರೋ ಮುಂದಿನ ಟೋಕನ್ ನಂಬರು ಕೂಗಿದರು. ಬೆಕ್ಕಿನ ಹುಡುಗಿ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಾಗಿಸಿ, ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು, ಕೊನೆಯವರೆಗೂ ಕೇಳಿಯೇ ಒಳಗೆ ಹೋದಳು.